ಕಲಾಯಿಯವನ ಕಥೆ ಓದಿದ ಗುರುವಾರಗಳು

ಗುರುವಾರ ಬಂತೆಂದರೆ ಈಗಲೂ ನನಗೆ ಬೇಗ ಎಚ್ಚರವಾಗುತ್ತದೆ. ಎದ್ದು ಸ್ನಾನ ಮುಗಿಸಿ, ಇಸ್ತ್ರಿ ಸೀರೆ ಉಟ್ಟು, ಕನ್ನಡಕದ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಳ್ಳುವ ಹೊತ್ತಿಗೆ ನೆನಪಾಗುತ್ತದೆ, ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಆಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅರವತ್ತು ಹತ್ತಿರ ಬಂದ ಹೆಂಗಸು ನಾಲ್ಕು ಮಕ್ಕಳಿಗಾಗಿ ಹೀಗೆ ಹಂಬಲಿಸುವುದೇ ಎಂದು ಗೊಣಗಿಕೊಂಡು, ಅದೇ ಸೀರೆಯಲ್ಲಿ ಒಲೆಯ ಮುಂದೆ ನಿಂತು ಉಪ್ಪಿಟ್ಟಿಗೆ ರವೆ ಹುರಿಯುತ್ತೇನೆ.

ಆ ನಾಲ್ವರೂ ನನ್ನ ಮಕ್ಕಳಲ್ಲ. ನಾನು ಹಾಸನದ ಒಂದು ಕಾಲೇಜಿನಲ್ಲಿ ಬಹಳ ವರ್ಷ ಕನ್ನಡ ಪಾಠ ಮಾಡಿದವಳು. ಪಾಠ ಅನ್ನುವುದು ಮರ್ಯಾದೆಯ ಮಾತು, ಮಾಡಿದ್ದು ನೋಟ್ಸ್ ಬರೆಸುವ ಕೆಲಸ. ‘ಕವಿಯ ಆಶಯವನ್ನು ವಿವರಿಸಿ’ ಅನ್ನುವ ಪ್ರಶ್ನೆಗೆ ನಾನು ಹೇಳಿದ ಉತ್ತರವನ್ನೇ ಅಲ್ಪವಿರಾಮ ಸಮೇತ ಬರೆದು ಪಾಸಾದವರು ಈ ಜಿಲ್ಲೆಯ ತುಂಬ ಇದ್ದಾರೆ. ಬ್ಯಾಂಕಿನಲ್ಲಿ, ತಾಲ್ಲೂಕು ಆಫೀಸಿನಲ್ಲಿ ಎದುರಾದಾಗ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಒಬ್ಬರೂ ಆಮೇಲೆ ಒಂದು ಪುಸ್ತಕ ಓದಿದ ಹಾಗೆ ಕಾಣೆ. ಬೇಸರ ಹೆಚ್ಚಾಗಿ, ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟು, ಸಾಲಗಾಮೆ ಕಡೆಗೆ ಹೋಗುವ ರಸ್ತೆಯ ನನ್ನ ಮನೆಯಲ್ಲಿ ಕೂತೆ.

ಹಾಗೆ ಕೂತಿದ್ದಾಗ ಒಬ್ಬಳು ಹಳೆಯ ವಿದ್ಯಾರ್ಥಿನಿ ಹುಡುಕಿಕೊಂಡು ಬಂದಳು. ಅರಕಲಗೂಡಿನ ಕಡೆಯವಳು. ರಾಮನಾಥಪುರದ ದಾರಿಯಲ್ಲಿ ಅವರಿಗೆ ಜಮೀನು, ತಂಬಾಕು ಬೆಳೆಯುತ್ತಾರೆ. ಕೊರೊನಾ ಕಾಲದಲ್ಲಿ ಸ್ಕೂಲು ಮುಚ್ಚಿದಾಗ ಮನೆಗೆ ಬಂದ ಮಗನನ್ನು ಮತ್ತೆ ಸ್ಕೂಲಿಗೆ ಕಳಿಸಿರಲಿಲ್ಲ, ಮಗಳನ್ನು ಸೇರಿಸಿಯೇ ಇರಲಿಲ್ಲ. ತಾನೇ ಮನೆಯಲ್ಲಿ ಕಲಿಸುತ್ತಿದ್ದಳು. ಹೀಗೆ ಮನೆಯಲ್ಲೇ ಕಲಿಸುವ ಇನ್ನಿಬ್ಬರು ತಾಯಂದಿರು ಅವಳಿಗೆ ಫೋನಿನಲ್ಲಿ ಗೆಳತಿಯರಾಗಿದ್ದರು, ಒಬ್ಬಾಕೆ ಹೊಳೆನರಸೀಪುರದವರು, ಇನ್ನೊಬ್ಬಾಕೆ ಚನ್ನರಾಯಪಟ್ಟಣದವರು.

“ಲೆಕ್ಕ, ಸೈನ್ಸು ಎಲ್ಲಾ ಮೊಬೈಲಲ್ಲಿ ಸಿಕ್ತದೆ ಮೇಡಂ,” ಅಂದಳು. “ಎದುರಿಗೆ ಕೂತ್ಕಂಡು ಕತೆ ಓದಿಸೋರು ಸಿಗಲ್ಲ. ನೀವು ಬರ್ಬೇಕು.”

“ಮಕ್ಕಳ ವಯಸ್ಸೆಷ್ಟೇ?” ಅಂದೆ.

ಹೇಳಿದಳು. ಅವಳ ಮಗಳಿಗೆ ಆರು, ಮಗನಿಗೆ ಹನ್ನೆರಡು. ಚನ್ನರಾಯಪಟ್ಟಣದ ಹುಡುಗನಿಗೆ ಹತ್ತು. ಹೊಳೆನರಸೀಪುರದ ಹುಡುಗಿಗೆ ಹದಿನೈದು ನಡೆಯುತ್ತಿದೆ. ಇವರನ್ನೆಲ್ಲ ಒಂದೇ ಚಾಪೆ ಮೇಲೆ ಕೂರಿಸಿಕೊಂಡು ನಾನು ಏನು ಕಲಿಸಲಿ, ನಿನಗೆ ತಲೆ ಕೆಟ್ಟಿದೆಯಾ ಎಂದು ಬೈದೆ. ಬೈಸಿಕೊಂಡು ಅಭ್ಯಾಸವಿದ್ದ ಹುಡುಗಿ, ನಗುತ್ತಾ ಕೂತಳು. ಮುಂದಿನ ಗುರುವಾರ ನಾನು ಅರಕಲಗೂಡಿನ ಬಸ್ಸಿನಲ್ಲಿದ್ದೆ.

ಒಂದು ಗುರುವಾರ ಒಂದು ಮನೆ ಅಂತ ಗೊತ್ತಾಯಿತು. ಒಂದು ವಾರ ಅರಕಲಗೂಡು, ಮುಂದಿನ ವಾರ ಹೊಳೆನರಸೀಪುರ, ಆಮೇಲೆ ಚನ್ನರಾಯಪಟ್ಟಣ, ಆಮೇಲೆ ಹಾಸನದ ನನ್ನ ಮನೆ. ಯಾರ ಊರಿನಲ್ಲಿ ಓದು ಇರುತ್ತದೋ ಅಲ್ಲಿಗೆ ಉಳಿದವರು ಬಸ್ಸಿನಲ್ಲೋ ಕಾರಿನಲ್ಲೋ ಬರುವುದು. ತಂಬಾಕು ಬೇಯಿಸುವ ದಿನಗಳಲ್ಲಿ ಮಾತ್ರ ಅರಕಲಗೂಡಿನ ಸರದಿ ತಪ್ಪುತ್ತಿತ್ತು. ಆಗ ಮನೆಯವರೆಲ್ಲ ಎಲೆ ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದರು, ಕತೆ ಕೇಳುವ ಪುರಸೊತ್ತು ಯಾರಿಗೂ ಇರುತ್ತಿರಲಿಲ್ಲ.

ಮೊದಲ ದಿನವೇ ನನ್ನ ಕಾಲೇಜು ಬುದ್ಧಿ ಕೆಲಸ ಮಾಡಿತು. ಚಿಕ್ಕವಳಿಗೆ ಚಿತ್ರದ ಪುಸ್ತಕ, ಹುಡುಗರಿಬ್ಬರಿಗೆ ಸಾಹಸದ ಕತೆ, ದೊಡ್ಡವಳಿಗೆ ಗಂಭೀರವಾದ ಪ್ರಬಂಧ ಎಂದು ಬೇರೆಬೇರೆ ಮೂಲೆಗಳಲ್ಲಿ ಕೂರಿಸಿದೆ. ಕಾಲು ಗಂಟೆಯೂ ನಡೆಯಲಿಲ್ಲ. ಚಿಕ್ಕವಳು ಚಿತ್ರದ ಪುಸ್ತಕ ಬಿಟ್ಟು ದೊಡ್ಡವಳ ಮಂಡಿಗೆ ಒರಗಿದಳು. ಹುಡುಗರು ತಮ್ಮ ಕತೆ ಬಿಟ್ಟು ಪ್ರಬಂಧದಲ್ಲಿ ಏನಿದೆ ಎಂದು ಇಣುಕಿದರು. ತರಗತಿ ಅಂದರೇನು ಎಂದು ಮರೆತಿದ್ದ, ಇಲ್ಲವೇ ತಿಳಿದೇ ಇರದ ಮಕ್ಕಳು ಅವು. ನಿನ್ನ ವಯಸ್ಸಿಗೆ ಇದು, ಅವಳ ವಯಸ್ಸಿಗೆ ಅದು ಅಂದರೆ ಅವಕ್ಕೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಸಾರು ಎಲ್ಲರಿಗೂ ಒಂದೇ ಅಲ್ಲವೇ, ಚಿಕ್ಕವಳಿಗೆ ಸ್ವಲ್ಪ ತುಪ್ಪ ಜಾಸ್ತಿ ಅಷ್ಟೆ.

ನನ್ನನ್ನು ಏನೆಂದು ಕರೆಯಬೇಕು ಅನ್ನುವುದೂ ಅವಕ್ಕೆ ಗೊತ್ತಿರಲಿಲ್ಲ. ಮಿಸ್ ಅನ್ನುವ ಮಾತು ದೊಡ್ಡ ಮಕ್ಕಳಿಗೆ ಮರೆತಿತ್ತು, ಚಿಕ್ಕವಳಿಗೆ ತಿಳಿದೇ ಇರಲಿಲ್ಲ. ಅವಳು ಅಜ್ಜಿ ಅಂದಳು, ಎಲ್ಲರೂ ಅಜ್ಜಿ ಅಂದರು. ನನ್ನ ಕೂದಲಿಗೆ ಬಣ್ಣ ಹಚ್ಚಿಕೊಂಡು ಅವತ್ತಿಗೆ ಎರಡೇ ದಿನವಾಗಿತ್ತು.

ಹೊಳೆನರಸೀಪುರದ ಹುಡುಗಿಯ ಬಗ್ಗೆ ಸ್ವಲ್ಪ ಹೇಳಬೇಕು. ದೇವಸ್ಥಾನದ ಬೀದಿಯ ಮನೆ. ತಂದೆ ಹಾಸನದಲ್ಲಿ ಸಂಬಳದ ಕೆಲಸ ಮಾಡುತ್ತಾರೆ, ದಿನಾ ಹೋಗಿಬರುತ್ತಾರೆ. ತಾತನಿಗೆ ಕಣ್ಣು ಮಂದವಾದ ಮೇಲೆ ಪೇಪರು, ಪುಸ್ತಕ, ಮದುವೆಯ ಕಾಗದ, ಔಷಧಿ ಪೊಟ್ಟಣದ ಮೇಲಿನ ಅಕ್ಷರ, ಎಲ್ಲವನ್ನೂ ಓದಿ ಹೇಳುವುದು ಈ ಮೊಮ್ಮಗಳ ಪಾಲಿಗೆ ಬಂದಿತ್ತು. ಹಾಗಾಗಿ ಅವಳಿಗೆ ಓದು ಅಂದರೆ ಬಾಯಿಬಿಟ್ಟು ಓದುವುದೇ. ಮನಸ್ಸಿನಲ್ಲೇ ಓದಿಕೊಳ್ಳುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಗೋಡೆ ಮೇಲಿನ ಹಲ್ಲುನೋವಿನ ಜಾಹೀರಾತನ್ನು ಅವಳು ಎಷ್ಟು ಚೆನ್ನಾಗಿ ಓದಿದಳೆಂದರೆ, ಪಕ್ಕದಲ್ಲಿ ನಿಂತಿದ್ದ ಹೆಂಗಸು ದವಡೆ ಮುಟ್ಟಿಕೊಂಡಳು.

ಆ ದನಿ ನನಗೆ ಹುಚ್ಚು ಹಿಡಿಸಿತು ಎಂದೇ ಹೇಳುತ್ತೇನೆ. ನಾನು ಆಯುಷ್ಯವಿಡೀ ಕನ್ನಡವನ್ನು ಓದಿದ್ದೆ, ಬರೆಸಿದ್ದೆ, ತಿದ್ದಿದ್ದೆ. ಕೇಳಿರಲಿಲ್ಲ. ಆ ಹುಡುಗಿ ಓದಿದರೆ ಸಾಧಾರಣ ವಾಕ್ಯವೂ ಎದ್ದು ಬಂದು ಪಕ್ಕದಲ್ಲಿ ಕೂರುತ್ತಿತ್ತು.

ಕೆಲವು ತಿಂಗಳಾದ ಮೇಲೆ ಅವಳೇ ಒಂದು ತಕರಾರು ತೆಗೆದಳು. “ಅಜ್ಜಿ, ಮುಂದೇನಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿರುತ್ತೆ. ನಮ್ಮ ಮುಖ ನೋಡ್ಕೊಂಡು ಕೂತಿರ್ತೀರ. ಇದು ಮೋಸ ಅಲ್ವಾ?”

ಮೋಸವೇ. ಅದಕ್ಕೇ ನಾನೂ ಓದಿರದ ಪುಸ್ತಕ ಬೇಕೆಂದು ಹಾಸನದ ಹಳೇ ಪುಸ್ತಕದ ಅಂಗಡಿಯಲ್ಲಿ ಧೂಳು ಕುಡಿದು ಒಂದು ಕಾದಂಬರಿ ಹುಡುಕಿ ತಂದೆ. ರಟ್ಟು ಹೋಗಿತ್ತು, ಮೊದಲ ಹಾಳೆಯೂ ಇರಲಿಲ್ಲ. ಯಾರು ಬರೆದದ್ದು, ಹೆಸರೇನು ಅನ್ನುವುದು ಅಂಗಡಿಯವನಿಗೂ ತಿಳಿಯದು, ನನಗೂ ತಿಳಿಯದು. ಕೊನೆಯ ಹಾಳೆ ಇದೆಯೇ ಎಂದು ಮಾತ್ರ ಅವನಿಗೇ ನೋಡಿ ಹೇಳು ಅಂದೆ. ಇದೆ ಅಮ್ಮ, ಮುಗಿಯಿತು ಅಂತ ಅಚ್ಚಾಗಿದೆ ಅಂದ. ಕಟ್ಟಳೆ ಮಾಡಿಕೊಂಡೆವು: ಪುಸ್ತಕ ನನ್ನ ಹತ್ತಿರ ಇರುತ್ತದೆ, ಆದರೆ ಒಟ್ಟಿಗೆ ಕೂತಾಗಲ್ಲದೆ ಯಾರೂ ಒಂದು ಸಾಲು ಮುಂದೆ ಓದಕೂಡದು. ನಾನೂ ಸೇರಿ.

ಅದೊಬ್ಬ ಕಲಾಯಿಯವನ ಕತೆ. ತಾಯಿಯಿಲ್ಲದ ಹುಡುಗನನ್ನು ಅಕ್ಕ ಸಾಕುತ್ತಾಳೆ. ಒಂದು ದಿನ ಏನೋ ಸಿಟ್ಟಿಗೆ ಅವನು ಅಕ್ಕನ ತಾಮ್ರದ ತಪ್ಪಲೆಯ ಮೇಲೆ ಕಲ್ಲು ಎತ್ತಿ ಹಾಕಿ, ಅದು ನೆಗ್ಗಿಹೋಗಿ, ಹೆದರಿ ಊರು ಬಿಟ್ಟು ಓಡುತ್ತಾನೆ. ದೊಡ್ಡವನಾಗಿ ತಿರುಗಿ ಬಂದರೆ ಮನೆಯೂ ಇಲ್ಲ, ಅಕ್ಕನೂ ಇಲ್ಲ. ಮದುವೆಯಾಗಿ ಹೋದಳಂತೆ, ಯಾವ ಊರಿಗೆ ಎಂದು ಹೇಳುವವರಿಲ್ಲ. ಆಗ ಅವನು ಕಲಾಯಿ ಹಾಕುವ ಕೆಲಸ ಕಲಿಯುತ್ತಾನೆ. ಯಾರ ಮನೆಯ ಅಡುಗೆಮನೆಗೂ ಅವನು ಹೋಗಲಾರ, ಕಲಾಯಿಗಾದರೆ ಅಡುಗೆಮನೆಯ ಪಾತ್ರೆಗಳು ತಾವಾಗಿಯೇ ಅವನ ಮುಂದೆ ಬರುತ್ತವೆ. ಊರೂರು ತಿರುಗಿ, ತಿದಿ ಹೂಡಿ, ಒಂದೊಂದು ತಪ್ಪಲೆಯನ್ನೂ ತಿರುಗಿಸಿ ಆ ನೆಗ್ಗನ್ನು ಹುಡುಕುತ್ತಾನೆ.

ಕಲಾಯಿ ಅಂದರೇನು ಎಂದು ಮಕ್ಕಳಿಗೆ ತಿಳಿಯದು. ಹೊಳೆನರಸೀಪುರದ ಮನೆಯಲ್ಲಿ ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ, ಒಳಮೈಗೆ ಹಾಕಿದ ತವರದ ಬಿಳಿ ಹೊಳಪನ್ನು ತೋರಿಸಿದೆ. ಚನ್ನರಾಯಪಟ್ಟಣದ ಹುಡುಗ ಇಡೀ ಮಧ್ಯಾಹ್ನ ಪ್ರತಿಯೊಂದನ್ನೂ ಬೋರಲು ಹಾಕಿ ನೆಗ್ಗು ಹುಡುಕಿದ. ಸಿಕ್ಕಿದ್ದಕ್ಕೆಲ್ಲ, ಇದು ಯಾರು ಯಾವ ಸಿಟ್ಟಿಗೆ ಮಾಡಿದ್ದು ಎಂದು ಆ ಮನೆಯ ತಾತನನ್ನು ಪೀಡಿಸಿದ. ತಾತ ಪಾಪ ತನ್ನ ಮದುವೆಯ ಹೊಸತರಲ್ಲಿ ನಡೆದ ಒಂದು ಜಗಳವನ್ನು ಒಪ್ಪಿಕೊಳ್ಳಬೇಕಾಯಿತು. ಅಡುಗೆಮನೆಯಿಂದ ಆ ಮನೆಯ ಅಜ್ಜಿ ನಕ್ಕದ್ದು ಕೇಳಿಸಿತು.

ಓದುವ ಕ್ರಮ ತಾನಾಗಿ ಏರ್ಪಟ್ಟಿತು. ಎಲ್ಲರಿಗಿಂತ ಚಿಕ್ಕವಳು ಕಳೆದ ವಾರದ ಕತೆಯನ್ನು ತನ್ನ ಮಾತಿನಲ್ಲಿ ಹೇಳಬೇಕು. ಎಲ್ಲರಿಗಿಂತ ದೊಡ್ಡವಳು ಮುಂದಿನದನ್ನು ಓದಬೇಕು. ನಡುವಿನ ಹುಡುಗರಿಬ್ಬರಿಗೆ ಎಲ್ಲಿ ಬೇಕಾದರೂ ‘ನಿಲ್ಸಿ’ ಅನ್ನುವ ಅಧಿಕಾರ. ನನಗೆ ಅಧಿಕಾರವೇನೂ ಇರಲಿಲ್ಲ, ಕಾಲು ನೀಡಿಕೊಂಡು ಗೋಡೆಗೆ ಒರಗಿ ಕೇಳುವುದಷ್ಟೆ.

ಒಂದು ಗುರುವಾರ ಚಿಕ್ಕವಳು ಹಿಂದಿನ ಕತೆ ಹೇಳುತ್ತಾ, “ಅವ್ನ್ ಇಂದೆ ಒಂದ್ ನಾಯಿ ಬತ್ತಿತ್ತು,” ಅಂದಳು.

“ಲೇ, ನಾಯಿ ಎಲ್ಲಿತ್ತೇ? ಪುಸ್ತಕದಲ್ಲಿ ಇಲ್ಲ ಕಣೇ,” ಅಂದ ಅವಳ ಅಣ್ಣ.

“ಇತ್ತು ಕಣೋ. ಈ ಅಕ್ಕ ಓದ್ಲಿಲ್ಲ ಅಷ್ಟೆ. ಒಬ್ನೇ ಎಂಗೋಯ್ತನೆ ಅಷ್ಟ್ ದೂರ?”

ನಾನು ಮೇಡಂ ಅಲ್ಲವೇ, ಲೇಖಕರು ಬರೆಯದೆ ಇದ್ದದ್ದನ್ನು ಸೇರಿಸಬಾರದಮ್ಮ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಎಂ.ಎ. ಪದವಿ ಮುದುಡಿಕೊಂಡಿತು. ಆ ದಿನ ಹೊಳೆನರಸೀಪುರದ ಹುಡುಗಿ ಓದುತ್ತಾ ಓದುತ್ತಾ, ಕಲಾಯಿಯವನು ಊರ ಹೊರಗಿನ ಮಂಟಪದಲ್ಲಿ ಬುತ್ತಿ ಬಿಚ್ಚುವ ಕಡೆ, ದನಿಯನ್ನು ಒಂದಿಷ್ಟೂ ಬದಲಿಸದೆ, “ಒಂದು ತುತ್ತನ್ನು ನಾಯಿಗೂ ಹಾಕಿದ” ಎಂದು ಓದಿಬಿಟ್ಟಳು. ಚಿಕ್ಕವಳು ಅಣ್ಣನ ಕಡೆ ತಿರುಗಿ ನಾಲಿಗೆ ಚಾಚಿದಳು. ಅಲ್ಲಿಂದ ಮುಂದೆ ನಾಯಿ ಕತೆಯಲ್ಲಿ ಉಳಿಯಿತು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ, ಇಷ್ಟವೂ ಇರಲಿಲ್ಲ.

ಚನ್ನರಾಯಪಟ್ಟಣದ ಹುಡುಗನಿಗೆ ದಾರಿಯದೇ ಚಿಂತೆ. ಕೊಬ್ಬರಿ ಅಟ್ಟದ ಕೆಳಗೆ ಅವರ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಲಾಯಿಯವನ ಊರುಗಳನ್ನು ಬರೆದು ಗೆರೆ ಎಳೆಯುತ್ತಿದ್ದ. ಈ ಊರಿಗೆ ಹೀಗೆ ಹೋಗಿದ್ದರೆ ಹತ್ತಿರವಾಗುತ್ತಿತ್ತು, ಆ ಮನುಷ್ಯನಿಗೆ ಬುದ್ಧಿ ಇಲ್ಲ ಎಂದು ಮರುಗುತ್ತಿದ್ದ. ಅರಕಲಗೂಡಿನ ಹುಡುಗ ಯಾರನ್ನೂ ನಂಬುವವನಲ್ಲ. ಅಕ್ಕ ಯಾವ ಊರಿಗೆ ಹೋದಳೋ ತಿಳಿಯದು ಎಂದು ಹೇಳಿದ ಪಕ್ಕದ ಮನೆಯವರೆಲ್ಲ ಸುಳ್ಳು ಹೇಳಿದ್ದಾರೆ ಎಂದು ಅವನ ವಾದ. ಒಮ್ಮೆ ಎಲ್ಲರೂ ಹಾಸನದ ಹತ್ತಿರದ ಮೊಸಳೆ ಅನ್ನುವ ಊರಿಗೆ ಹೋಗಿ ಜೋಡಿ ಗುಡಿಗಳ ಜಗಲಿ ಮೇಲೆ ಕೂತು ಓದಿದೆವು. ಅಲ್ಲಿ, ಅವರಿಬ್ಬರ ಜಗಳದ ನಡುವೆ, ದೊಡ್ಡವಳು ಪುಸ್ತಕ ಕೆಳಗಿಟ್ಟು ಕೇಳಿದಳು: “ಇವನೇನೋ ಹುಡುಕ್ತಾ ಇದಾನೆ. ಅಕ್ಕ ಯಾಕೆ ಹುಡುಕಲಿಲ್ಲ?”

ಕಾಲೇಜಿನಲ್ಲಿ ಇಂಥ ಒಂದು ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಉತ್ತರ ಮುಂದಿನ ಪುಟಗಳಲ್ಲಿ ಇರಬಹುದು, ನೋಡೋಣ ಅಂದೆ. ಅವತ್ತು ಬಸ್ಸಿನಲ್ಲಿ ಬರುವಾಗ ನಾನು ಎಷ್ಟು ಸುಖವಾಗಿದ್ದೆ ಎಂದರೆ ಕಂಡಕ್ಟರು ಚಿಲ್ಲರೆಗಾಗಿ ಕೂಗಾಡಿದರೂ ಕೋಪ ಬರಲಿಲ್ಲ.

ಹಾಗೆ ಓದುತ್ತಾ ಓದುತ್ತಾ ಕಾದಂಬರಿ ಕೊನೆಗೆ ಬಂತು. ಕೊನೆಯ ಅಧ್ಯಾಯಕ್ಕೆ ಹಿಂದಿನದು ಹೀಗೆ ಮುಗಿಯುತ್ತದೆ. ಮುದಿಯಾಗುತ್ತಿರುವ ಕಲಾಯಿಯವನು ಒಂದು ಹೊಸ ಊರಿಗೆ ಬರುತ್ತಾನೆ. ಸಂಜೆ ಕೆಂಡ ಆರಿಸುವ ಹೊತ್ತಿಗೆ ಒಂದು ಮನೆಯ ಬಾಗಿಲ ಮರೆಯಿಂದ ಒಂದು ಕೈ ತಾಮ್ರದ ತಪ್ಪಲೆಯೊಂದನ್ನು ಹೊರಗೆ ಚಾಚುತ್ತದೆ. ಅಷ್ಟೆ. ಹುಡುಗರಿಬ್ಬರೂ ಓದು ಓದು ಎಂದು ಕೂಗಿದರು. ಚಿಕ್ಕವಳು ಪುಸ್ತಕದ ಮೇಲೆಯೇ ಬಿದ್ದಳು.

ಆದರೆ ಹೊತ್ತಾಗಿತ್ತು, ಮುಂದಿನ ವಾರದಿಂದ ದೊಡ್ಡವಳಿಗೆ ಪರೀಕ್ಷೆಯಿತ್ತು. ಹತ್ತನೆಯ ತರಗತಿಯನ್ನು ಅವಳು ಖಾಸಗಿಯಾಗಿ ಕಟ್ಟಿದ್ದಳು. ಪರೀಕ್ಷೆ ಎಲ್ಲ ಮುಗಿದ ಮೇಲಿನ ಗುರುವಾರ, ಅರಕಲಗೂಡಿನಲ್ಲಿ, ಹೋಳಿಗೆ ಊಟ ಮಾಡಿ ಕೊನೆಯ ಅಧ್ಯಾಯ ಓದುವುದು ಎಂದು ನಿಶ್ಚಯಿಸಿದೆವು. ಹೋಳಿಗೆ ಬೇಕೆಂದು ಹಟ ಹಿಡಿದವಳು ಚಿಕ್ಕವಳು.

ಕನ್ನಡ ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಹಾಸನದ ಒಂದು ಸ್ಕೂಲು. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಅವಳ ತಂದೆಯ ಜೊತೆ ನಿಂತಿದ್ದೆ. ಕನ್ನಡವಲ್ಲವೇ, ನೀರು ಕುಡಿದ ಹಾಗೆ ಬರೆಯುತ್ತಾಳೆ ಬಿಡಿ ಎಂದು ಅವರಿಗೆ ನಾನೇ ಧೈರ್ಯ ಹೇಳುತ್ತಿದ್ದೆ. ಅರ್ಧ ಹೊತ್ತಿಗೆ ಜವಾನ ಬಂದು, ಇಂಥ ಹುಡುಗಿಯ ಕಡೆಯವರು ಯಾರು, ಒಳಗೆ ಬರಬೇಕಂತೆ ಅಂದ.

ನಡೆದದ್ದು ಇಷ್ಟು. ಹುಡುಗಿ ಮೊದಲ ಪ್ರಶ್ನೆಗಳನ್ನೆಲ್ಲ, ಕಲಿತವೇ ಆದ್ದರಿಂದ, ಸುಮ್ಮನೆ ಬರೆದಿದ್ದಾಳೆ. ಒಂದು ಕಡೆ ಗದ್ಯದ ತುಣುಕು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳಿದ್ದಾರೆ. ಅದು ಹೊಸದು, ಅವಳು ಹಿಂದೆ ಕಂಡಿರದ್ದು. ಮನಸ್ಸಿಟ್ಟು ಓದಬೇಕು ಅಂದುಕೊಂಡಿದ್ದೇ ತಡ, ಬಾಯಿ ತಾನಾಗಿ ತೆರೆದಿದೆ. ಎಲ್ಲರೂ ಸಾಲಾಗಿ ಕೂತ ಆ ಹಾಲಿನಲ್ಲಿ ಅವಳು ತಾತನಿಗೆ ಓದುವ ಹಾಗೆ, ನಮಗೆ ಓದುವ ಹಾಗೆ, ಗಟ್ಟಿಯಾಗಿ ಓದಲು ಶುರುಮಾಡಿದ್ದಾಳೆ. ಮೊದಲು ಯಾರಿಗೂ ಏನೂ ತೋಚಲಿಲ್ಲವಂತೆ. ಆಮೇಲೆ ಹಿಂದಿನ ಬೆಂಚಿನವರು ನಕ್ಕರಂತೆ. ಮೇಲ್ವಿಚಾರಕರು ಓಡಿ ಬಂದು ಪತ್ರಿಕೆ ಕಿತ್ತುಕೊಂಡರಂತೆ. ಇವಳು ಬೇರೆಯವರಿಗೆ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ಅವರ ಗುಮಾನಿ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವಳು ನಿಂತಿದ್ದಳು. ಅಳುತ್ತಿರಲಿಲ್ಲ, ಬಿಳುಚಿಕೊಂಡಿದ್ದಳು. ನಾನು ಜೋರು ಮಾಡಿದೆ. ಈ ಮಗು ಸ್ಕೂಲಿನ ಬೆಂಚು ನೋಡಿ ವರ್ಷಗಳಾಗಿವೆ, ಇವಳು ಓದುವುದೇ ಹೀಗೆ, ಇದರಲ್ಲಿ ಕಳ್ಳತನ ಏನಿದೆ ಎಂದು ಕೂಗಾಡಿದೆ. ಮುಖ್ಯೋಪಾಧ್ಯಾಯರು ಒಳ್ಳೆಯವರು. ನನ್ನ ಕೂಗಾಟ ಕೇಳಿಯೂ ಶಾಂತವಾಗಿ, ಹುಡುಗಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ ಉಳಿದದ್ದನ್ನು ಬರೆಸಿದರು. ಮೇಲಕ್ಕೆ ಏನೂ ಬರೆದು ಕಳಿಸಲಿಲ್ಲ. ಅವಳು ಪಾಸಾದಳು, ಒಳ್ಳೆಯ ಅಂಕವೇ ಬಂತು.

ಆದರೆ ಅವಳ ತಂದೆ ಆ ದಿನ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೂ ನಮ್ಮಿಬ್ಬರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು.

ಗೊತ್ತು ಮಾಡಿದ್ದ ಗುರುವಾರಕ್ಕೆ ಮೊದಲು ಹುಡುಗಿಯ ಮನೆಯವರು ಹೊಳೆನರಸೀಪುರಕ್ಕೆ ಬನ್ನಿ ಅಂದರು. ಹೋದೆ. ಮೂರೂ ಮನೆಯ ದೊಡ್ಡವರು ಕೂತಿದ್ದರು, ಮಕ್ಕಳು ಯಾರೂ ಕಾಣಲಿಲ್ಲ. ಕಾಫಿ ಕೊಟ್ಟರು. ಹುಡುಗಿಯ ತಂದೆ ಲೋಟವನ್ನು ಕೆಳಗಿಟ್ಟು, ನೆಲ ನೋಡುತ್ತಾ ಮಾತಾಡಿದರು.

“ನಿಮ್ಮ ಮೇಲೆ ನಮಗೆ ತುಂಬ ಗೌರವ ಇದೆ ಮೇಡಂ. ಆದರೆ ನಾಳೆ ಇವಳು ಯಾವುದೋ ಆಫೀಸಲ್ಲಿ ಕೂತು ಫೈಲು ನೋಡಬೇಕಾಗುತ್ತೆ. ಅಲ್ಲೂ ಹೀಗೇ ಓದ್ತಾಳಾ? ಜನ ನಗಲ್ವಾ?”

“ನಗೋರು ನಗಲಿ,” ಅಂದೆ.

“ನಗೋದು ನಿಮ್ಮನ್ನ ನೋಡಿ ಅಲ್ವಲ್ಲ ಮೇಡಂ,” ಅಂದರು. ನಾನು ಆರಿದ ಕಾಫಿಯನ್ನು ಕುಡಿದು ಮುಗಿಸಿದೆ.

ಅರಕಲಗೂಡಿನ ಮಕ್ಕಳ ತಂದೆ ಎರಡೂ ಕೈ ಜೋಡಿಸಿದರು. “ನಮ್ಮಪ್ಪಾರು ಒಂದೇ ಸಮ ಬೈತಾವ್ರೆ ಮೇಡಮ್ಮೋರೆ. ಸುದ್ದಿ ಊರೆಲ್ಲಾ ಆಗೋಗದೆ. ಜೂನಿಗೆ ಸ್ಕೂಲಿಗೆ ಆಕ್ಬುಡ್ತೀವಿ, ಬ್ಯಾಸರ ಮಾಡ್ಕಬ್ಯಾಡಿ.” ಅವರ ಹೆಂಡತಿ, ನನ್ನ ಹಳೆಯ ವಿದ್ಯಾರ್ಥಿನಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಚನ್ನರಾಯಪಟ್ಟಣದ ಹುಡುಗನಿಗೆ ಆಗಲೇ ಹಾಸ್ಟೆಲಿರುವ ಸ್ಕೂಲಿನಲ್ಲಿ ಸೀಟು ಆಗಿತ್ತು.

ಕೊನೆಯ ಅಧ್ಯಾಯ ಒಂದು ಇದೆ, ಅದನ್ನಾದರೂ ಮುಗಿಸೋಣ ಎಂದು ಬೇಡಿಕೊಂಡೆ. ಬೇಡಿಕೊಂಡೆ ಅನ್ನುವುದೇ ಸರಿ. ಅಯ್ಯೋ, ಅದಕ್ಕೇನಂತೆ, ಖಂಡಿತ ಒಂದು ದಿನ ಎಲ್ಲರೂ ಸೇರೋಣ ಎಂದರು ಮೂರೂ ಮನೆಯವರು. ಒಂದು ದಿನ ಅಂದಾಗಲೇ ನನಗೆ ತಿಳಿಯಿತು.

ಜೂನು ಕಳೆಯಿತು. ಮಕ್ಕಳ ರಜೆಗಳು ಒಂದಕ್ಕೊಂದು ಹೊಂದಲಿಲ್ಲ. ಒಬ್ಬರಿಗೆ ಟ್ಯೂಷನ್, ಒಬ್ಬರ ಮನೆಯಲ್ಲಿ ತಂಬಾಕಿನ ಹರಾಜು, ಇನ್ನೊಬ್ಬನನ್ನು ಹಾಸ್ಟೆಲಿನಿಂದ ಬಿಡುವುದಿಲ್ಲ. ಮೊದಮೊದಲು ನಾನೇ ಫೋನು ಮಾಡುತ್ತಿದ್ದೆ. ಆಮೇಲೆ ಅವರಿಗೆ ಮುಜುಗರವಾಗುತ್ತದೆ ಎಂದು ಬಿಟ್ಟೆ. ಒಂದು ಗುರುವಾರ ತಡೆಯಲಾರದೆ ಹೊಳೆನರಸೀಪುರದ ಬಸ್ಸು ಹತ್ತಿ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಏನು ಮೇಡಂ, ಇಷ್ಟು ಬೇಗ ಕೆಲಸ ಆಯ್ತಾ ಎಂದು ಕಂಡಕ್ಟರು ಕೇಳಿದ. ಆಯ್ತಪ್ಪ ಅಂದೆ.

ಪುಸ್ತಕ ನನ್ನ ಹತ್ತಿರವೇ ಇತ್ತು. ಉಳಿದದ್ದು ಕೆಲವೇ ಪುಟ. ಕಾಫಿ ಆರುವಷ್ಟರಲ್ಲಿ ಓದಿ ಮುಗಿಸಬಹುದು. ಎಷ್ಟೋ ಸಲ ಕೈಗೆತ್ತಿಕೊಂಡೆ. ನೀನು ದೊಡ್ಡ ಹೆಂಗಸು, ನಿನ್ನ ಪುಸ್ತಕ, ನಿನ್ನ ದುಡ್ಡಿನದು, ಓದಿದರೆ ಯಾರು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾನೊಬ್ಬಳೇ ಓದಿದರೆ ಗುರುವಾರಗಳು ನಿಜವಾಗಿ ಮುಗಿದಂತೆ. ಓದದೆ ಇದ್ದರೆ ಇನ್ನೂ ಒಂದು ಗುರುವಾರ ಬಾಕಿಯಿದೆ. ಹುಚ್ಚು ಅನ್ನಿ. ಆ ಬಾಗಿಲ ಮರೆಯ ಕೈ ಯಾರದೆಂದು ತಿಳಿಯದೆ ನಾನು ಒಂದು ವರ್ಷ ಅಡುಗೆ ಮಾಡಿದೆ, ಬಟ್ಟೆ ಒಗೆದೆ, ನೆಂಟರ ಮದುವೆಗಳಿಗೆ ಹೋಗಿ ಬಂದೆ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಹೊಳೆನರಸೀಪುರದ ಹುಡುಗಿ ಬಂದಳು. ಈಗ ಹಾಸನದಲ್ಲೇ ಪಿಯುಸಿ, ಹಾಸ್ಟೆಲಿನಲ್ಲಿದ್ದಾಳೆ. ಎತ್ತರವಾಗಿದ್ದಾಳೆ. ಬಾಗಿಲಲ್ಲಿ ನಿಂತು, “ಅಜ್ಜಿ, ಸಂಜೆವರೆಗೂ ಪರ್ಮಿಷನ್ ಕೊಟ್ಟಿದಾರೆ,” ಅಂದಳು. ನನಗೆ ಅವಳನ್ನು ಎಲ್ಲಿ ಕೂರಿಸಬೇಕು, ಏನು ಕೊಡಬೇಕು ತಿಳಿಯಲಿಲ್ಲ. ಕೋಡುಬಳೆ ಡಬ್ಬಿಯನ್ನೇ ತಂದು ಮುಂದಿಟ್ಟೆ. ಉಳಿದವರ ಸುದ್ದಿ ಹೇಳಿದಳು. ಚಿಕ್ಕವಳು ಸ್ಕೂಲಿನಲ್ಲಿ ಟೀಚರನ್ನು ಅಜ್ಜಿ ಎಂದು ಕರೆದು ಬೈಸಿಕೊಂಡಳಂತೆ.

ಆಮೇಲೆ ಅವಳೇ ಕೇಳಿದಳು. “ಆ ಕಲಾಯಿಯವನ ಪುಸ್ತಕ ಇದೆಯಾ ಅಜ್ಜಿ? ಕೊನೇದು ಓದಬೇಕಿತ್ತು.”

ಪುಸ್ತಕ ತಂದು ಅವಳಿಗೆ ಕೊಟ್ಟು, ಚಾಪೆ ಹಾಸಿ, ಗೋಡೆಗೆ ಒರಗಿ, ಕಾಲು ನೀಡಿಕೊಂಡು ಕೂತೆ. ನಾಲ್ವರೂ ಇಲ್ಲದಿದ್ದರೇನು, ಓದುವವಳು ಬಂದಿದ್ದಾಳೆ, ಕೇಳುವವಳು ಇದ್ದೇನೆ. ಇಷ್ಟೇ ಸಾಕು ದೇವರೇ ಅಂದುಕೊಂಡೆ.

ಅವಳು ಪುಟ ತೆರೆದಳು. ದನಿ ಬರಲಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಹುಡುಕುತ್ತಿದ್ದಾಳೆ ಅಂದುಕೊಂಡೆ. ಕಾದೆ. ಸ್ವಲ್ಪ ಹೊತ್ತಿಗೆ ಅವಳು ಹಾಳೆ ತಿರುಗಿಸಿದಳು. ಆಗ ಅವಳ ಮುಖ ನೋಡಿದೆ. ಕಣ್ಣುಗಳು ಸಾಲಿನಿಂದ ಸಾಲಿಗೆ ಸರಸರ ಹೋಗುತ್ತಿದ್ದವು. ತುಟಿ ಅಲುಗುತ್ತಿರಲಿಲ್ಲ.

ಗಟ್ಟಿಯಾಗಿ ಓದೇ ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ತುಟಿಗಳನ್ನು ಹಾಗೆ ಮುಚ್ಚಿಡುವುದಕ್ಕೆ ಅವಳು ಈ ಒಂದು ವರ್ಷ ಎಷ್ಟು ಕಷ್ಟಪಟ್ಟಿರಬೇಕು, ಹಾಸ್ಟೆಲಿನಲ್ಲಿ ಯಾರುಯಾರು ನಕ್ಕಿರಬೇಕು ಅನ್ನಿಸಿತು. ಕಲಿತುಬಿಟ್ಟಿದ್ದಾಳೆ. ಕಲಿತದ್ದನ್ನು ಬಿಡು ಎಂದು ನಾನು ಹೇಗೆ ಹೇಳಲಿ? ಸುಮ್ಮನೆ ಕೂತು ಅವಳ ಮುಖವನ್ನೇ ನೋಡಿದೆ. ಹಾಳೆ ತಿರುಗುವ ಸದ್ದು ಬಿಟ್ಟರೆ ನನಗೆ ಬೇರೇನೂ ಕೇಳಿಸಲಿಲ್ಲ. ಒಂದು ಕಡೆ ಅವಳ ಹುಬ್ಬು ಮೇಲೇರಿತು, ಒಂದು ಕಡೆ ತುಟಿ ಬಿಗಿಯಿತು. ಯಾವ ಮಾತಿಗೆ ಎಂದು ನನಗೆ ತಿಳಿಯದು.

ಕೊನೆಯ ಪುಟ ಮುಗಿಸಿ, ಪುಸ್ತಕ ಮುಚ್ಚಿದಳು. ಕಣ್ಣುಗಳು ತುಂಬಿದ್ದವು. ತಪ್ಪಲೆಯಲ್ಲಿ ಆ ನೆಗ್ಗು ಇತ್ತೆಂದೋ, ಇರಲಿಲ್ಲವೆಂದೋ, ಅವಳು ಹೇಳಲಿಲ್ಲ. ದುಪಟ್ಟಾದಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ ನಕ್ಕಳು.

“ಎಷ್ಟು ಚೆನ್ನಾಗಿ ಮುಗಿಸಿದಾರೆ ಅಲ್ವಾ ಅಜ್ಜಿ? ನೀವಂತೂ ಆಗ್ಲೇ ಓದಿಬಿಟ್ಟಿರ್ತೀರ.”

“ಹ್ಞೂಂ ಕಣಮ್ಮ,” ಅಂದೆ. “ಚೆನ್ನಾಗಿದೆ.”